ಕೆಡಿಸಿದ್ದೂ ನಾನ, ರಿಪೇರಿ ಮಾಡಿಸಿದ್ದೂ ನಾನ: ಧಾರವಾಡದ ಎಂಟು ಅಂಕಣದ ಮನಿ ಕೇಸ್

ನಮ್ಮ ಹಿತ್ತಲ ಕಡೆ ಹಂಚಿನ ಹಿಂಬದಿಗೆ 1865 ಅಂತ ಅಚ್ಚು ಒತ್ತಿತ್ತು. ಅದನ್ನ ಹಿಡಕೊಂಡು ನಮ್ಮ ಕಾಕಾ ಮೂವತ್ತು ವರ್ಷ ಬಂದವರಿಗೆಲ್ಲಾ ತೋರಿಸ್ಯಾರ, ನೋಡಪಾ ಸಿಪಾಯಿ ದಂಗೆ ಆಗಿ ಎಂಟು ವರ್ಷಕ್ಕ ಕಟ್ಟಿದ ಮನಿ ಇದು ಅಂತ. ಕಾಕಾ ಅದು ಹಂಗಲ್ಲ, 1865 ಅಂದ್ರ ಬಾಸೆಲ್ ಮಿಷನ್‌ನವ್ರು ಮಂಗಳೂರಾಗ ಹಂಚಿನ ಕಾರ್ಖಾನಿ ಶುರು ಮಾಡಿದ ವರ್ಷ, ಮುಂದ ಮಾಡಿದ ಹಂಚಿನ ಮ್ಯಾಲೂ ಅದ ವರ್ಷ ಒತ್ತತಿದ್ರು ಅಂದ್ರ ಅವರಿಗೆ ಸಿಟ್ಟು ಬರ್ತಿತ್ತು. ಕಾಗದಪತ್ರ ನೋಡಿದ್ರ ಮನಿ 1920ರ ಆಜುಬಾಜು ಕಟ್ಟಿದ್ದು, ಹಂಚಿನ ಭಾಗ ಅದಕ್ಕಿಂತಾ ಈಚಿಂದು.

ಈ ಮನಿ ಕೇಸ್ ಪೂರ್ತಿ ಬರದಿಡಬೇಕು ಅನ್ನಿಸಿದ್ದು ಯಾಕಂದ್ರ, ಹಳೆ ಕಟ್ಟಡ ಬಿತ್ತು ಅಂದಕೂಡ್ಲೆ ಎಲ್ಲಾರೂ ಹೇಳೋದು ಒಂದ ಮಾತು, "ವಯಸ್ಸಾಗಿತ್ತು ಬಿಡ್ರಿ". ನಮ್ಮ ಮನಿಗೆ ವಯಸ್ಸಿನಿಂದ ಏನೂ ಆಗಿರಲಿಲ್ಲ. ಅದಕ್ಕ ಆಗಿದ್ದೆಲ್ಲಾ ರಿಪೇರಿಯಿಂದ, ಮತ್ತ ಆ ರಿಪೇರಿ ನಿಂತು ಮಾಡಿಸಿದಾಂವ ನಾನ. ಸಿವಿಲ್ ಡಿಪ್ಲೊಮಾ ಮಾಡ್ಕೊಂಡು ಇಪ್ಪತ್ತು ವರ್ಷದಿಂದ ಸೈಟ್ ಮ್ಯಾಲ ಕಾಂಕ್ರೀಟ್ ಹಾಕಿಸ್ಕೊಂತ ಹೊಟ್ಟಿ ಹೊರದಾಂವ, ಹಿಂಗಾಗಿ ಇದನ್ನ ಬರಿಯೋದು ನನಗೂ ಸ್ವಲ್ಪ ಮುಜುಗರ.

ಮನಿ ಇರೋದು ಧಾರವಾಡದಾಗ, ಕಾಮನಕಟ್ಟಿ ಕಡೆ ಒಂದು ಇಕ್ಕಟ್ಟು ಓಣಿಯಾಗ. ಮುಂದ ಎಂಟು ಅಂಕಣದ (ಕಂಬದ ಸಾಲಿನ ನಡುವಿನ ಒಂದೊಂದು ಜಾಗಾಕ್ಕ ಅಂಕಣ ಅಂತಾರ) ಮಾಳಗಿ ಮನಿ, ಅಂದ್ರ ಮಣ್ಣಿನ ಸಪಾಟ ಛಾವಣಿದು, ಹಿಂದ ಹಂಚಿನ ಅಡಗಿಮನಿ, ಬಚ್ಚಲಾ, ದನದ ಕೊಟಗಿ. ತಳಪಾಯ ಕರಿ ಕಲ್ಲು, ಕಿಡಕಿ ಮಟ್ಟದ ತನಕ ಮಣ್ಣಿನ್ಯಾಗ ಕೂಡಿಸಿದ ಕಲ್ಲಿನ ಗ್ವಾಡಿ, ಅದರ ಮ್ಯಾಲ ಹಸಿ ಇಟ್ಟಂಗಿ, ಅಂದ್ರ ಸುಡದ ಮಣ್ಣಿನ ಇಟ್ಟಂಗಿ, ಎರಡು ಫೂಟ್ ದಪ್ಪ. ಒಳಗ ಹೊರಗ ಸುಣ್ಣದ ಗಿಲಾವು. ಪಡಸಾಲಿಯಾಗ ಸಾಗವಾನಿ ಕಂಬ, ಕಂಬದ ಮ್ಯಾಲ ಕೆತ್ತಿದ ಬೋದಿಗಿ, ಅದರ ಮ್ಯಾಲ ತೊಲಿ, ತೊಲಿ ಮ್ಯಾಲ ಜಂತಿ, ಜಂತಿ ಮ್ಯಾಲ ಹಲಗಿ, ಎಲ್ಲಾದರ ಮ್ಯಾಲ ಒಂದು ಫೂಟ್‌ಗೂ ಜಾಸ್ತಿ ಮಣ್ಣು. ನಡು ಬೆಳಕಿಂಡಿ. ಮಧ್ಯಾಹ್ನ ಹನ್ನೆರಡಕ್ಕ ಅಲ್ಲಿಂದ ಬೀಳೋ ಬಿಸಲು ಯಾವ ಕಂಬದ ಬುಡಕ್ಕ ಬಂತು ಅನ್ನೋದರ ಮ್ಯಾಲ ನಮ್ಮ ಆಯಿ ಊಟಕ್ಕ ಕರೀತಿದ್ರು. ಅಪ್ಪ ಸೇರಿ ಮೂರು ಮಂದಿ ಅಣ್ಣತಮ್ಮಂದ್ರು, ಅದರಾಗ ಈಗ ಇರಾವ್ರು ಕಾಕಾ ಒಬ್ಬರ. ದೊಡಪ್ಪನ ಮಕ್ಕಳು ಒಬ್ಬಾಂವ ಪುಣೆ, ಒಬ್ಬಾಂವ ಬೆಂಗಳೂರು. ಅಪ್ಪನ ಪಾಲು ನಂದು.

2004ರಾಗ ನಾ ಡಿಪ್ಲೊಮಾ ಮುಗಿಸಿ ಎರಡು ವರ್ಷ ಆಗಿತ್ತು, ತಲಿ ತುಂಬ ಸಿಮೆಂಟ್. ಗ್ವಾಡಿ ಸುಣ್ಣ ಪುಡಿಪುಡಿ ಉದುರತಿತ್ತು, ಕುಂತ್ರ ಬೆನ್ನಿಗೆ ಹತ್ತತಿತ್ತು, ಕಾಕಾನ ಮಗಳ ಮದವಿ ಬ್ಯಾರೆ ಇತ್ತು. ಇದೇನ ಕಾಕಾ, ಎಲ್ಲಾ ಕೆರದು ಸಿಮೆಂಟ್ ಗಿಲಾವು ಹಾಕಿಸಿಬಿಡೂಣು, ಐವತ್ತು ವರ್ಷ ತಿರುಗಿ ನೋಡೂದು ಬ್ಯಾಡ ಅಂದೆ. ಹಾಕಿಸಿದ್ವಿ. ಮಳಗಾಲಕ್ಕ ಮೊದಲ ವರ್ಷಾ ಮಾಳಗಿ ಮ್ಯಾಲ ಮಣ್ಣು ಹಾಕಿ ಬಡಿಯೋ ಕೆಲಸಕ್ಕ ಆಳು ಸಿಗವಲ್ರಾಗಿದ್ರು, ಅದಕ್ಕ ಮ್ಯಾಲ ಎರಡಿಂಚು ಸಿಮೆಂಟ್ ಕೋಬಾ, ಅಂದ್ರ ಸಿಮೆಂಟ್ ಕಾಂಕ್ರೀಟಿನ ಗಟ್ಟಿ ಪದರ. ಅಂಗಳದಾಗ ಸಂಪ್. ಧಾರವಾಡದಾಗ ಇದ್ದವರಿಗೆ ಸಂಪ್ ಯಾಕಂತ ಹೇಳೋದ ಬ್ಯಾಡ, ನಮ್ಮ ಓಣಿಗೆ ಆಗ ಎಂಟು ದಿನಕ್ಕೊಮ್ಮೆ ನೀರು, ಅದೂ ರಾತ್ರಿ ಎರಡಕ್ಕ ಬಂದ್ರ ಉಂಟು. ಹತ್ತು ಸಾವಿರ ಲೀಟರಿನ ಸಂಪ್ ಎಲ್ಲೆ ತಗೀಬೇಕು ಅಂದಾಗ ವಾಸ್ತು ನೋಡಾವ್ರು ಈಶಾನ್ಯ ಮೂಲಿ ಅಂದ್ರು, ಸರಿ, ಈಶಾನ್ಯ ಗ್ವಾಡಿಯಿಂದ ಮೂರು ಫೂಟ್ ಬಿಟ್ಟು ತಗದ್ವಿ. ಮೂರು ಫೂಟ್! ಹೊಸಾ ಸೈಟ್ ಮ್ಯಾಲ ಯಾರಾದ್ರೂ ಹಂಗ ಮಾಡಿದ್ರ ಇವತ್ತು ನಾನ ಬೈದು ಬಿಡತೀನಿ.

ಮದವಿ ಆತು. ಫೋಟೋದಾಗ ಗ್ವಾಡಿ ಎಷ್ಟು ನೀಟ್ ಬಂದಾವ ಅಂದ್ರ ಬಂದ ಬೀಗರು ನನ್ನ ಹೊಗಳಿದ್ರು.

ಹದಿನೈದು ವರ್ಷ ಏನೂ ಕಾಣಲಿಲ್ಲ, ಅದ ಇದರ ಮೋಸ. 2019ರ ಆಗಸ್ಟ್ ಮಳಿ ನಿಮಗೆಲ್ಲಾ ನೆನಪಿರಬೇಕು, ಉತ್ತರ ಕರ್ನಾಟಕ ಪೂರಾ ನೀರಾಗ ನಿಂತಿತ್ತು, ನಮ್ಮ ಜಿಲ್ಲಾದಾಗ ಮಣ್ಣಿನ ಮನಿ ಸಾಲು ಸಾಲು ಬಿದ್ದು ಹೋದ್ವು. ಆಗ ಪರಿಹಾರದ ಲೆಕ್ಕ ಹೆಂಗಿತ್ತು ಅಂದ್ರ ಪೂರ್ತಿ ಬಿದ್ದ ಮನಿಗೆ 5 ಲಕ್ಷ, ಸ್ವಲ್ಪ ಬಿದ್ದದ್ದಕ್ಕ 50 ಸಾವಿರ. ಇದನ್ನ ಬರದವರು ಒಳ್ಳೇ ಮನಸ್ಸಿಂದನ ಬರದಿರಬೇಕು, ಮನಿ ಕಳಕೊಂಡವರಿಗೆ ಅಷ್ಟು ಕೊಡಾಕೂ ಬೇಕಿತ್ತು, ಆದ್ರ ಒಂದು ಗ್ವಾಡಿ ಬಿದ್ದು ಮೂರು ಗ್ವಾಡಿ ಗಟ್ಟಿ ನಿಂತ ಮನಿಯಾಂವ ಏನು ಮಾಡತಾನ ಹೇಳ್ರಿ? ನಿಂತ ಮೂರನ್ನೂ ರಾತ್ರಿ ಹಾರಿ ಹಾಕಿ ಕೆಡವತಾನ. ನಾ ಕಣ್ಣಾರೆ ನೋಡೀನಿ, ಎರಡು ಓಣಿ ಆಚೆ, ತೊಲಿ ಇನ್ನೂ ಸರಳ ರೇಖಾದಾಗ ಇದ್ದ ಮನಿ. ಅವರನ್ನ ಬೈಯೋದು ನನಗಂತೂ ಆಗಂಗಿಲ್ಲ. ರಿಪೇರಿಗೆ ರೊಕ್ಕ ಇಲ್ಲ, ಕೆಡವಿದ್ರ ರೊಕ್ಕ ಐತಿ ಅಂತ ಕಾಗದಾನ ಹೇಳಿದ ಮ್ಯಾಲ ಮುಗೀತು.

ನಮ್ಮ ಮನಿ ಆ ಮಳಿಗೆ ಬೀಳಲಿಲ್ಲ, ಆದ್ರ ಪಡಸಾಲಿ ಗ್ವಾಡಿ ಮ್ಯಾಲ ನಕಾಶದಂಗ ಕಲೆ ಬಂತು. ಪೇಂಟ್ ಹಚ್ಚಿಸಿದ್ರು. ಮುಂದಿನ ವರ್ಷ ಮತ್ತ ಬಂತು, ವಾಲ್‌ಪುಟ್ಟಿ ಹಚ್ಚಿಸಿದ್ರು. 2021ರ ಜುಲೈದಾಗ ಒಂದು ರಾತ್ರಿ ಕಾಕಾ ಮಲಗಿದ್ದ ಕಾಟಿನ ಬಾಜೂಕ ನಾಲ್ಕು ಫೂಟ್ ಅಗಲದ ಸಿಮೆಂಟ್ ಗಿಲಾವು ಒಂದ ತುಂಡಾಗಿ ಬಂದು ಬಿತ್ತು. ನಾ ಮುಂಜಾನೆ ಹೋದಾಗ ಕಾಕಾ ಚಹಾ ಕುಡಕೊಂತ ಅದರ ಬಾಜೂಕ ಕುಂತಿದ್ರು, "ಐವತ್ತು ವರ್ಷ ಅಂದಿದ್ದೆಲ್ಲೋ ತಮ್ಮಾ" ಅಂದ್ರು, ಅಷ್ಟ.

ಆಮ್ಯಾಲಿಂದು ಪಟಾಪಟ್ ಆತು. ಯಾರೋ ಕಂಪ್ಲೇಂಟ್ ಕೊಟ್ಟಿದ್ರೋ ಏನೋ, ಮನಿ ಅಪಾಯಕಾರಿ ಐತಿ, ತೆರವು ಮಾಡ್ರಿ ಅಂತ ನೋಟಿಸ್ ಬಂತು. ಮುನ್ಸಿಪಲ್ ಕಾರ್ಪೊರೇಷನ್ ಕಾಯ್ದೆ, 1976ರದು, ಅದರಾಗ ಬೀಳೋ ಹಂಗಿರೋ ಕಟ್ಟಡಕ್ಕ ಹಿಂಗ ನೋಟಿಸ್ ಕೊಡೋ ಅಧಿಕಾರ ಐತಿ, ಅದು ತಪ್ಪಲ್ಲ. ನೋಡಾಕ ಬಂದ ಹುಡುಗ ಎಂಜಿನಿಯರ್ ಬಾಗಲದಾಗ ನಿಂತು ಮೊಬೈಲ್‌ನ್ಯಾಗ ಮೂರು ಫೋಟೋ ಹೊಡಕೊಂಡು ಹೋದ. ಮಣ್ಣಿನ ಗ್ವಾಡಿ ಅಂದ್ರ ಮುಗೀತು ಅವರ ಲೆಕ್ಕಕ್ಕ. 2019ರ ಮಾರ್ಚ್‌ನ್ಯಾಗ ಇದ ಧಾರವಾಡದ ಕುಮಾರೇಶ್ವರ ನಗರದಾಗ ಕಟ್ಟಾಕತ್ತಿದ್ದ ಹೊಸಾ ಕಾಂಕ್ರೀಟ್ ಬಿಲ್ಡಿಂಗ್ ಕುಸದು ಹದಿನೈದಕ್ಕೂ ಹೆಚ್ಚು ಜನ ಸತ್ರು, ಆದ್ರೂ ನಮ್ಮ ತಲಿಯಾಗ ಹೊಸದು ಅಂದ್ರ ಗಟ್ಟಿ, ಹಳೇದು ಅಂದ್ರ ಅಪಾಯ.

ಬಿಲ್ಡರ್ ಒಬ್ರು ಬಂದ್ರು. ಕೆಳಗ ಅಂಗಡಿ, ಮ್ಯಾಲ ಮೂರು ಮಜಲಿ ಫ್ಲ್ಯಾಟ್, ಅರ್ಧಾ ನಿಮಗ. ಪುಣೆ ಅಣ್ಣ ಫೋನ್‌ನ್ಯಾಗ ಹೂಂ ಅಂದ. ಹಳೆ ಸಾಗವಾನಿ ಕೊಳ್ಳಾಂವ ಬಂದು ಕಂಬ ಬಡದು ನೋಡಿ, ಬೋದಿಗಿ ಸಮೇತ ಎಷ್ಟು ಕೊಡತೀನಿ ಅಂತ ಅಲ್ಲೇ ರೇಟ್ ಹೇಳಿದ. ಇನ್ನೊಂದು ಕಡೆ ನಾ ಬ್ಯಾಂಕಿಗೆ ಹೋಗಿ ರಿಪೇರಿ ಲೋನ್ ಕೇಳಿದ್ರ ವ್ಯಾಲ್ಯುವೇಶನ್ ರಿಪೋರ್ಟ್‌ನ್ಯಾಗ ಜಾಗಾಕ್ಕ ಒಂದು ದೊಡ್ಡ ಮೊತ್ತ, ಕಟ್ಟಡಕ್ಕ ಸೊನ್ನೆ. ಮಣ್ಣಿನ ಗ್ವಾಡಿ, ಆಯುಷ್ಯ ಮುಗದೈತಿ, ಹಿಂಗಾಗಿ ಬೆಲೆ ಇಲ್ಲ. ಅಂದ್ರ ನಿಂತ ಮನಿಗೆ ಬೆಲೆ ಇಲ್ಲ, ಕಿತ್ತ ಮನಿಯ ಕಂಬಕ್ಕ ಬೆಲೆ ಐತಿ. ಇದನ್ನ ಕಾಕಾಗ ಹೇಳಿದಾಗ ಭಾಳ ಹೊತ್ತು ನಕ್ಕರು.

ಹೆರಿಟೇಜ್ ಅಂತ ಹೇಳಿ ಉಳಸ್ಕೊಳ್ಳಾಕ ಆಗಂಗಿಲ್ಲೇನು ಅಂತ ಭಾಳ ಮಂದಿ ಕೇಳಿದ್ರು. ಕೇಂದ್ರದ್ದು 1958ರ ಕಾಯ್ದೆ, ರಾಜ್ಯದ್ದು 1961ರ ಕಾಯ್ದೆ, ಎರಡೂ ಸ್ಮಾರಕ ಅಂತ ಘೋಷಣಾ ಆದದ್ದಕ್ಕ. ನಮ್ಮಂಥ ವಾಸದ ಮನಿ ಅದರಾಗ ಬರೋದ ಅಪರೂಪ. ಅಲ್ಲೆ ಹುಬ್ಬಳ್ಳಿಯ ಉಣಕಲ್‌ನ್ಯಾಗ ಚಂದ್ರಮೌಳೇಶ್ವರ ಗುಡಿ ನೋಡ್ರಿ, ಚಾಲುಕ್ಯರ ಕಾಲದ್ದು, ನಾಲ್ಕೂ ದಿಕ್ಕಿಗೆ ಬಾಗಲ, ಸುತ್ತ ಮನಿ ಒತ್ತಿಕೊಂಡು ನಿಂತಾವ. ಕೇಂದ್ರದ ಕಾಯ್ದೆಗೆ 2010ರ ತಿದ್ದುಪಡಿ ಆದಮ್ಯಾಲ ಅಂಥಾ ಸ್ಮಾರಕದಿಂದ 100 ಮೀಟರ್ ತನಕ ಹೊಸದು ಕಟ್ಟಾಂಗಿಲ್ಲ, ಅದರಾಚೆ 200 ಮೀಟರ್ ಪರ್ಮಿಷನ್ ಬೇಕು. 1992ರ ಜೂನ್ 16ರ ಮೊದಲ ಇದ್ದ ಮನಿಯಾದ್ರ ರಿಪೇರಿಗೆ ಪರ್ಮಿಷನ್ ಸಿಗತೈತಿ, ಅದಕ್ಕೂ ಅರ್ಜಿ ಹಾಕಿ ಕಾಯಬೇಕು. ಒಟ್ಟಿನ್ಯಾಗ ಸ್ಮಾರಕದ ಬಾಜೂಕ ಇದ್ದವರಿಗೆ ಕಾಯ್ದೆ ಜಾಸ್ತಿ ಆತು, ನಮ್ಮಂಥವರಿಗೆ ಕಾಯ್ದೆನ ಇಲ್ಲ. ಹಿಂಗಾಗಿ ಆ ದಾರಿ ಬಿಟ್ಟೆ, ನೋಟಿಸ್‌ಗೆ ಉತ್ತರ ಕೊಟ್ಟು, ಸ್ಟ್ರಕ್ಚರಲ್ ಎಂಜಿನಿಯರ್ ಸರ್ಟಿಫಿಕೇಟ್ ತರತೀವಿ, ಟೈಮ್ ಕೊಡ್ರಿ ಅಂತ ಬರದ್ವಿ. ಕೊಟ್ರು. ಈ ದಾರಿ ಐತಿ ಅನ್ನೋದು ಭಾಳ ಮಂದಿಗೆ ಗೊತ್ತಿಲ್ಲ, ನೋಟಿಸ್ ಬಂದ್ರ ಹೆದರಿ ಜೆಸಿಬಿ ಕರಸ್ತಾರ.

ಇನ್ನ ಕಾಯಿಲೆ ಏನು ಅಂತ ಹುಡುಕೋ ಕೆಲಸ. ಬಿರುಕು ಅಂದ್ರ ಎಲ್ಲಾರೂ ಹೆದರತಾರ, ಆದ್ರ ಬಿರುಕು ಇರೋದು ಮುಖ್ಯ ಅಲ್ಲ, ಅದು ಇನ್ನೂ ಸರಿಯಾಕತ್ತೈತೋ ಸರದು ನಿಂತೈತೋ ಅನ್ನೋದು ಮುಖ್ಯ. ಲ್ಯಾಬ್‌ನ್ಯಾಗ ಮೈಕ್ರೋಸ್ಕೋಪ್ ಕೆಳಗ ಇಡೋ ಗಾಜಿನ ಸ್ಲೈಡ್ ಇರತಾವಲ್ಲ, ಅಂಥಾ ಆರು ಸ್ಲೈಡ್ ತಂದು, ಆರು ಬಿರುಕಿನ ಮ್ಯಾಲ ಅಡ್ಡಡ್ಡ ಇಟ್ಟು, ಎರಡೂ ತುದಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿ, ಮಾರ್ಕರ್‌ಲೆ ತಾರೀಖು ಬರದೆ. ಗ್ವಾಡಿ ಕೂದಲೆಳಿಯಷ್ಟು ಸರದ್ರೂ ಗಾಜು ಪಟಕ್ ಅಂತೈತಿ. ಒಂದು ಸ್ಲೈಡ್ ಐದು ರೂಪಾಯಿ. ಕಾಕಾ ದಿನಾ ಮುಂಜಾನೆ ಪೂಜಾ ಆದಮ್ಯಾಲ ಆರೂ ಗಾಜು ನೋಡಿ ನನಗ ಫೋನ್ ಮಾಡತಿದ್ರು, "ಆರೂ ಆರಾಮ ಅದಾವ" ಅಂತ. ದೀಪಾವಳಿ ತನಕ ಐದು ಹಂಗ ಇದ್ವು. ಒಂದ ಒಡೀತು. ಈಶಾನ್ಯ ಮೂಲಿಂದು.

ಸಂಪ್ ಮ್ಯಾಲ ಡೌಟ್ ಬಂತು. ತುಂಬಿಸಿ, ಚಾಕ್‌ಪೀಸ್‌ಲೆ ಗೆರಿ ಹೊಡದು, ಒಂದು ದಿನಾ ಪೂರ್ತಿ ಯಾರೂ ಹನಿ ನೀರು ತಗೀಬ್ಯಾಡ್ರಿ ಅಂದೆ. ಮರುದಿನ ನಾಲ್ಕು ಬೆರಳು ಇಳದಿತ್ತು. ಹದಿನೇಳು ವರ್ಷದ ಆ ಸಂಪ್ ಎಷ್ಟು ದಿನದಿಂದ ಸೋರತಿತ್ತೋ, ಆ ನೀರೆಲ್ಲಾ ತಳಪಾಯದ ಕೆಳಗ ಹೋಗಿ ಮಣ್ಣು ಕುಂತಿತ್ತು. ನಮ್ಮ ಪುಣ್ಯಾ ನಮ್ಮ ಓಣಿ ಮಣ್ಣು ಕೆಂಪು, ಗರಸು. ಇದ ಸಂಪ್ ಹುಬ್ಬಳ್ಳಿ ಕಡೆ ಯರಿ ಭೂಮ್ಯಾಗ ಇದ್ದಿದ್ರ, ಆ ಮಣ್ಣು ನೀರು ಕುಡದ್ರ ಉಬ್ಬತೈತಿ ಒಣಗಿದ್ರ ಸೀಳತೈತಿ, ಮೂಲಿ ಯಾವಾಗೋ ಬಿಚ್ಚಿಕೊಂಡು ಹೋಗತಿತ್ತು.

ಆಮ್ಯಾಲ ಗಿಲಾವು ಬಿಚ್ಚಿದ್ವಿ. ಕೈಲೆ ಬಡದ್ರ ಡಬ್ ಡಬ್ ಅಂತಿದ್ದ ಜಾಗಾಕ್ಕ ಸುಣ್ಣದ ಚಾಕ್‌ಲೆ ಗುರ್ತು ಹಾಕಿದ್ರ ಅರ್ಧಕ್ಕರ್ಧ ಗ್ವಾಡಿ ಗುರ್ತಾತು. ಉಳಿ ಹಾಕಿ ಎಬ್ಬಿಸಿದ್ರ ತಗಡಿನಂಗ ಎದ್ದು ಬರತಿತ್ತು, ಅದರ ಹಿಂದ ಉಪ್ಪು, ಅಕ್ಕಿ ಹಿಟ್ಟು ಚೆಲ್ಲಿದಂಗ ಬೆಳ್ಳಗ. ಅರಳಿ ಗಿಡದ ಬೇರು ಕೂದಲಿನಷ್ಟು ಸಣ್ಣವು ಗ್ವಾಡಿ ತುಂಬ ಹರದಿದ್ವು. ಹಸಿ ಇಟ್ಟಂಗಿ ಬೆರಳಲೆ ಒತ್ತಿದ್ರ ಒಳಗ ಹೋಗತಿತ್ತು, ಹಿಡಿಯಾಗ ತಗೊಂಡು ಹಿಚುಕಿದೆ, ಚಪಾತಿ ಹಿಟ್ಟಿನ ಹದಾ. ಅಂಥಾ ಗ್ವಾಡಿ ಮ್ಯಾಲ ಒಂದು ಫೂಟ್ ಮಣ್ಣಿನ ಮಾಳಗಿ, ಅದರ ಮ್ಯಾಲ ನನ್ನ ಕೋಬಾ.

ಯಾಕ ಹಿಂಗಾತು ಅಂದ್ರ ವಿಷಯ ಸಣ್ಣದು. ಹಳೆ ಗ್ವಾಡಿ ನೆಲದಿಂದ ನೀರು ಎಳಕೊಂಡ ಎಳಕೋತೈತಿ, ಒಂದು ಮೂರು ಫೂಟ್ ತನಕ ಏರತೈತಿ, ಅದನ್ನ ನಿಲ್ಲಸಾಕ ಆಗಂಗಿಲ್ಲ. ಸುಣ್ಣದ ಗಿಲಾವಿನ್ಯಾಗ ಸಣ್ಣ ಸಣ್ಣ ತೂತು ಇರೋದರಿಂದ ಆ ನೀರು ಆವಿ ಆಗಿ ಹೊರಗ ಹೋಗತೈತಿ, ಗ್ವಾಡಿ ಬೆವತು ಆರತೈತಿ. ನಾ ಬೈಕೊಂಡಿದ್ದ ಆ ಸುಣ್ಣದ ಪುಡಿ ಐತಲ್ಲ, ಬೆನ್ನಿಗೆ ಹತ್ತತಿದ್ದದ್ದು, ಅದು ರೋಗ ಅಲ್ಲ, ಉಪ್ಪು ಹೊರಗ ಬರಾಕತ್ತಿತ್ತು, ಸುಣ್ಣ ತಾ ಸವದು ಗ್ವಾಡಿನ್ನ ಉಳಸಾಕತ್ತಿತ್ತು. ನಾ ಅದನ್ನ ಕೆರದು ಸಿಮೆಂಟ್ ಹಾಕಿಸಿದೆ, ಅದರ ಮ್ಯಾಲ ಪುಟ್ಟಿ, ಅದರ ಮ್ಯಾಲ ಪೇಂಟ್. ಬೆವರಾಕತ್ತಿದ ಮನಶಾಗ ಹದಿನೇಳು ವರ್ಷ ರೇನ್‌ಕೋಟ್ ತೊಡಿಸಿ ಕುಂದ್ರಿಸಿದಂಗ. ಕೋಬಾದೂ ಅದ ಕಥಿ. ಬಿಸಲಿಗೆ ಸಣ್ಣಗ ಸೀಳತು, ಸೀಳಿನ್ಯಾಗ ನೀರು ಇಳೀತು, ಇಳದದ್ದು ಮ್ಯಾಲ ಏಳಲಿಲ್ಲ. ಬರೇ ಮಣ್ಣಿನ ಮಾಳಗಿ ಸೋರಿದ್ರ ಕೆಳಗ ತಟಕ್ ತಟಕ್ ಅಂತೈತಿ, ಪಾತ್ರಿ ಇಟ್ಟು ಮರುದಿನ ಮ್ಯಾಲ ಹತ್ತಿ ಮಣ್ಣು ಮೆತ್ತತಿದ್ರು. ಕೋಬಾ ಬಂದ ಮ್ಯಾಲ ಸೋರೋದ ನಿಂತಿತ್ತು, ನಾವು ಖುಷಿ. ನೀರು ಗ್ವಾಡಿ ಕಡೆ ಹರದು ಜಂತಿ ತುದಿ ಕೊಳಸಾಕತ್ತಿತ್ತು.

ಜಂತಿ ನೋಡಿದಾಗ ನನ್ನ ಎದಿ ಧಸಕ್ ಅಂತು. ನಡು ಎಲ್ಲಾ ಕಬ್ಬಿಣದಂಗ ಗಟ್ಟಿ, ಮೊಳಿ ಹೊಡದ್ರ ಮೊಳಿನ ಬಾಗತಿತ್ತು. ಗ್ವಾಡಿಯೊಳಗ ಹೊಕ್ಕ ಒಂಬತ್ತು ಇಂಚು ಮಾತ್ರ ಸ್ಕ್ರೂಡ್ರೈವರ್ ಚುಚ್ಚಿದ್ರ ಹಿಡಿಕಿ ತನಕ ಹೋಗತಿತ್ತು, ಒರಲಿ (ಗೆದ್ದಲು) ಹತ್ತಿ ಬರೇ ಸಿಪ್ಪಿ ಉಳದಿತ್ತು. ಐವತ್ತೆರಡು ಜಂತ್ಯಾಗ ಹತ್ತೊಂಬತ್ತು ಹಂಗ ಆಗಿದ್ವು. ಕೆಳಗ ನಿಂತು ನೋಡಿದ್ರ ಮಾಳಗಿ ಚೊಲೋ ಐತಿ ಅನ್ನಬೇಕು, ಅದು ನಿಂತಿದ್ದು ಉಳದ ಜಂತಿಗಳ ದಯಾದಿಂದ.

ಮೈಸೂರಾಗ ದೇವರಾಜ ಮಾರ್ಕೆಟ್ 2016ರಾಗ ಒಂದು ಕಡೆ ಕುಸೀತಲ್ಲ, ರಿಪೇರಿ ನಡದಾಗನ ಕುಸದದ್ದು, ಅದಕ್ಕೂ ಮೊದಲ 2012ರಾಗ ಲ್ಯಾನ್ಸ್‌ಡೌನ್ ಬಿಲ್ಡಿಂಗ್. ಆ ಎರಡೂ ಸುದ್ದಿ ತಲಿಯಾಗ ಇಟ್ಕೊಂಡು ನಾ ಮೊದಲ ಮಾಡಿದ್ದು ಏನೂ ಕಿತ್ತದ್ದಲ್ಲ, ತೊಲಿಗೆಲ್ಲಾ ಜಾಕಿ ಕೊಟ್ಟದ್ದು. ಪಡಸಾಲಿ ತುಂಬ ಕಬ್ಬಿಣದ ಜಾಕಿ, ಕಾಕಾನ ಕಾಟು ಅದರ ನಡು. ಬ್ಯಾರೆ ಮನಿಗೆ ಹೋಗ್ರಿ ಅಂದ್ರ ಹೋಗಲಿಲ್ಲ. ಕಡೀಕ ಕಾಕು ಬೈದಮ್ಯಾಲ ಮೂರು ತಿಂಗಳು ಮಗಳ ಮನಿಗೆ ಹೋದ್ರು.

ಇದರ ನಡುವ ಪಾಲಿನ ಮಾತು ನಡದಿತ್ತು, ಖರೇ ಹೇಳಬೇಕಂದ್ರ ಗ್ವಾಡಿಗಿಂತ ಅದ ಜಡಾ. ಪುಣೆ ಅಣ್ಣ ಒಂದು ಸಲಾ ಬಂದ, ಜಾಕಿ ನಡುವ ನಿಂತು, "ನೀವು ಇಲ್ಲೆ ಇರಾವ್ರು, ನಿಮಗ ಮನಿ. ನನಗ ಇದು ರೊಕ್ಕ. ಬೇಕಾದ್ರ ಬೈರಿ" ಅಂದ. ಬೈಯೋ ಹಂಗ ಏನೂ ಇರಲಿಲ್ಲ, ಅವನ ಮಗಳು ಮೆಡಿಕಲ್ ಓದಾಕತ್ತಿದ್ಲು. ಹೆರಿಟೇಜ್ ಬಗ್ಗೆ ಮಾತಾಡಾವ್ರು ಈ ಮಾತು ಬಂದಾಗ ಸುಮ್ಮಕ್ಕಾರ, ನನಗ ಅದು ಸೇರಂಗಿಲ್ಲ. ನಾಲ್ಕು ಸಲಾ ಕುಂತು ಕಡೀಕ ಒಂದು ತೀರ್ಮಾನಕ್ಕ ಬಂದ್ವಿ. ಹಿಂದಿನ ಹಂಚಿನ ಭಾಗ, ಕೊಟಗಿ, ಹಿತ್ತಲ ದೊಡಪ್ಪನ ಮಕ್ಕಳಿಗೆ, ಅವರು ಏನರೆ ಕಟ್ಟಿಕೊಳ್ಳಲಿ. ಮುಂದಿನ ಎಂಟು ಅಂಕಣ ಕಾಕಾಗೂ ನನಗೂ. ಹಿಂಗ 1865ರ ಹಂಚಿನ ಮನಿ ಹೋತು. ಹಂಚು ನಾನೂರು ತಗದಿಟ್ಟೀನಿ, ಕಾಕಾ ಒಂದನ್ನ ದೇವರಮನಿ ಕಿಡಕಿಯಾಗ ಇಟ್ಕೊಂಡಾರ, ಅಚ್ಚು ಕಾಣೋ ಹಂಗ.

ಸಂಪ್ ಮುಚ್ಚಿದ್ವಿ, ಮಾಳಗಿ ಹೊರಗ ಕಂಬ ನೆಟ್ಟು ಸಿಂಟೆಕ್ಸ್ ಇಟ್ವಿ. ವಾಸ್ತು ನೋಡಾವ್ರನ್ನ ಈ ಸಲಾ ಕರೀಲಿಲ್ಲ. 2022ರ ಫೆಬ್ರವರಿಗೆ ಗಿಲಾವು, ಕೋಬಾ ಪೂರಾ ತಗದು ಗ್ವಾಡಿ ಬತ್ತಲೆ ಬಿಟ್ವಿ, ಬ್ಯಾಸಗಿ ಬಿಸಲಿಗೆ ಒಣಗಲಿ ಅಂತ. ಇದು ಕೆಲಸ ಅಂತ ಯಾರಿಗೂ ಅನ್ನಿಸಂಗಿಲ್ಲ. ಓಣಿ ಮಂದಿ ಬಂದು, ಏನ್ರೀ ರೊಕ್ಕ ಮುಗೀತೇನು ಅಂತ ಕೇಳ್ಕೊಂತ ಹೋಗತಿದ್ರು.

ಸುಣ್ಣದ ಕೆಲಸಕ್ಕ ಗೌಂಡಿ ಹುಡುಕೋದ ದೊಡ್ಡ ಪಂಚಾಯ್ತಿ ಆತು. ನನ್ನ ಕೈಯಾಗ ಇಪ್ಪತ್ತು ಗೌಂಡಿ ಅದಾರ, ಒಬ್ಬರಿಗೂ ಬರಂಗಿಲ್ಲ. ಒಬ್ಬಾಂವ ಹುಡುಗ, "ಸರ್, ಒಂದು ದಿನದ ಕೆಲಸಕ್ಕ ತಿಂಗಳು ಹಿಡಸ್ತೀರಿ, ನಮ್ಮ ಮುತ್ಯಾನ್ನ ಕೇಳ್ರಿ, ಹೊತ್ತು ಹೋಗವಲ್ದು ಅಂತ ಮನ್ಯಾಗ ಕುಂತಾನ" ಅಂತ ಚಾಷ್ಟಿ ಮಾಡಿದ. ಆ ಮುತ್ಯಾನ್ನ ಕರಕೊಂಡು ಬಂದೆ. ಎಪ್ಪತ್ತರ ಮ್ಯಾಲ ವಯಸ್ಸು, ಕಣ್ಣು ಮಂದ, ಆದ್ರ ಗ್ವಾಡಿ ಮ್ಯಾಲ ಅಂಗೈ ಇಟ್ರ ಇಲ್ಲೆ ಹಸಿ ಐತಿ, ಇಲ್ಲೆ ಆರೇತಿ ಅಂತ ಹೇಳತಿದ್ದ, ನಾ ಬಾಡಗಿಗೆ ತಂದ ಮೀಟರ್ ಹಚ್ಚಿ ನೋಡಿದ್ರ ಭಾಳ ಹೊತ್ತು ಸರಿ ಬರತಿತ್ತು.

ಬಾಗಲಕೋಟಿ ಕಡೆಯಿಂದ ಸುಟ್ಟ ಸುಣ್ಣದ ಕಲ್ಲು ತರಿಸಿದ್ವಿ. ಅಂಗಡ್ಯಾಗ ಚೀಲದಾಗ ಸಿಗೋ ಸುಣ್ಣದ ಪುಡಿ ಮುತ್ಯಾ ಮೂಸಿ ನೋಡಿ ಬಾಜೂಕ ಇಟ್ಟ, ಸತ್ತೈತಿ ಅಂತ. ಅಂಗಳದಾಗ ಕುಣಿ ತೋಡಿ ನೀರು ತುಂಬಿ ಕಲ್ಲು ಹಾಕಿದ್ರ ಮೊದಲ ಒಂದು ನಿಮಿಷ ಏನೂ ಇಲ್ಲ, ಆಮ್ಯಾಲ ಒಳಗಿಂದ ಗುಳುಗುಳು ಶುರು ಆಗಿ ಅನ್ನ ಕುದ್ದಂಗ ಕುದಿಯಾಕ ಹತ್ತತು, ಬೆಂಕಿ ಇಲ್ಲದ. ಹುಡುಗೊಬ್ಬಾಂವ ಬಗ್ಗಿ ನೋಡಾಕ ಹೋಗಿ ಮುಂಗೈ ಸುಟ್ಕೊಂಡ, ಕಣ್ಣಿಗೆ ಕನ್ನಡಕ ಹಾಕಿಸಿದ್ದಕ್ಕ ಕಣ್ಣು ಉಳದ್ವು. ಅರಳಿದ ಸುಣ್ಣ ನೀರಿನ ಕೆಳಗ ಕೊಳಿಯಾಕ ಬಿಟ್ರ ದಿನಾ ಕಳದಂಗ ಬೆಣ್ಣಿ ಆಗತೈತಿ. ಕಲ್ಲು ಸುಟ್ಟಾಗ ಹೋದ ಗಾಳಿ, ಕಾರ್ಬನ್ ಡೈಆಕ್ಸೈಡ್, ಗ್ವಾಡಿ ಮ್ಯಾಲ ಬಂದಮ್ಯಾಲ ತಿಂಗಳಾನುಗಟ್ಟಲೆ ವಾಪಸ್ ಹೀರಕೊಂಡು ಅದು ತಿರುಗಿ ಕಲ್ಲ ಆಗತೈತಿ. ಇದನ್ನ ನಾ ಡಿಪ್ಲೊಮಾದಾಗ ಎರಡು ಮಾರ್ಕಿಗೆ ಬರದಿದ್ದೆ, ನೋಡಿದ್ದು ನಲವತ್ತರ ಮ್ಯಾಲ.

ಒಂದು ಪಾಲು ಸುಣ್ಣ, ಎರಡು ಪಾಲು ಉಸುಕು, ಒಂದು ಪಾಲು ಇಟ್ಟಂಗಿ ಪುಡಿ, ಬೆಲ್ಲ ಮತ್ತ ಅಳಲೇಕಾಯಿ ನೆನಸಿದ ನೀರು. ಒಳಪದರಕ್ಕ ಮಾತ್ರ ಮಣ್ಣು, ಹೊಟ್ಟು, ಸ್ವಲ್ಪ ಸುಣ್ಣ, ಯಾಕಂದ್ರ ಹಸಿ ಇಟ್ಟಂಗಿಗೆ ತನ್ನ ಜಾತಿ ಮಣ್ಣ ಹಿಡೀತೈತಿ.

ಇಲ್ಲೆ ಮತ್ತೊಂದು ತಪ್ಪು ಮಾಡಿದೆ. ಮೇ ತಿಂಗಳು ಬಂತು, ಮಳಿ ಬರತೈತಿ ಅಂತ ನನಗ ಅವಸರ. ಮುತ್ಯಾ ಬ್ಯಾಡ ಅಂದ್ರೂ ರಸ್ತಾ ಕಡೆ ಗ್ವಾಡಿಗೆ ಸುಣ್ಣದ ಪದರ ಹಚ್ಚಿಸಿದೆ. ಗೋಣಿಚೀಲ ತೋಯಿಸಿ ಹೊದಿಸಬೇಕಿತ್ತು, ಆಳು ಎರಡು ದಿನಾ ಬರಲಿಲ್ಲ, ಬಿಸಲಿಗೆ ಪೂರಾ ಗ್ವಾಡಿ ಒಣಗಿದ ಕೆರಿ ತಳದಂಗ ಸೀಳತು. ಅರವತ್ತು ಸಾವಿರ ಮಣ್ಣುಪಾಲು. ಮುತ್ಯಾ ಏನೂ ಅನ್ನಲಿಲ್ಲ, ಎಲಿ ಅಡಕಿ ಡಬ್ಬಿ ತಗದು ಸುಣ್ಣ ಬೆರಳಿಗೆ ತಗೊಂಡು, "ಇದಕ್ಕೂ ನೀರು ಹಾಕಿ ಇಡತಾರಪಾ" ಅಂದ. ಮತ್ತ ನವೆಂಬರ್‌ನ್ಯಾಗ ಹಚ್ಚಿದ್ವಿ, ಆ ಸಲಾ ಸರಿ ಆತು.

ಕೊಳತ ಜಂತಿ ಪೂರಾ ಬದಲಿ ಮಾಡಲಿಲ್ಲ. ಬಡಿಗ್ಯಾರು ಕೆಟ್ಟ ತುದಿ ಅಷ್ಟ ಕೊಯ್ದು, ಹಳೆ ಸಾಗವಾನಿ ತುಂಡು ಓರೆ ಕೊಯ್ದು ಜೋಡಿಸಿ ಬೋಲ್ಟ್ ಹಾಕಿದ್ರು. ಹೊಸಾ ತುಂಡು ಬಣ್ಣದಾಗ ಬ್ಯಾರೆ ಕಾಣತೈತಿ, ಪಾಲಿಶ್ ಹೊಡದು ಮುಚ್ಚೂದು ಬ್ಯಾಡ ಅಂದೆ, ಎಲ್ಲೆ ಹೊಲಿಗಿ ಬಿದ್ದೈತಿ ಅಂತ ಮುಂದಿನವರಿಗೆ ಗೊತ್ತಾಗಲಿ.

ಮಾಳಗಿ ವಿಷಯಕ್ಕ ಮಾತ್ರ ಮನಿ ನೋಡಾಕ ಬಂದ ಆರ್ಕಿಟೆಕ್ಟ್ ಹುಡುಗರು ನನ್ನ ಮ್ಯಾಲ ಸಿಟ್ಟಾದ್ರು. ಮಣ್ಣಿನ ಮಾಳಗಿ ಹಂಗ ಉಳಿಸಿ, ಅದರ ಮ್ಯಾಲ ಎರಡು ಫೂಟ್ ಎತ್ತರಕ್ಕ ಪೈಪ್ ನಿಲ್ಲಿಸಿ ತಗಡು ಹಾಕಿಸಿದೆ. ಚಂದ ಕಾಣಂಗಿಲ್ಲ, ನನಗೂ ಗೊತ್ತೈತಿ, ದೂರದಿಂದ ನೋಡಿದ್ರ ಕೋಳಿ ಫಾರ್ಮ್. ಆದ್ರ ವರ್ಷಾ ರೋಹಿಣಿ ಮಳಿ ಮುಂದ ಯಾರು ಮ್ಯಾಲ ಹತ್ತಿ ಮಣ್ಣು ಬಡೀತಾರ? ಕಾಕಾಗ ಎಂಬತ್ತು, ನನಗ ಮೊಣಕಾಲು ನೋವು. ತಗಡು ಇವತ್ತು ಬ್ಯಾಡ ಅನ್ನಿಸಿದ್ರ ಬೋಲ್ಟ್ ಬಿಚ್ಚಿ ಇಳಸಬಹುದು, ಕೋಬಾ ಹಂಗಲ್ಲ. ನಾ ಈ ಕೇಸ್‌ನ್ಯಾಗ ಕಲತಿದ್ದರಾಗ ಉಪಯೋಗಕ್ಕ ಬಂದ ಮಾತು ಇದೊಂದ, ವಾಪಸ್ ತಗಿಯಾಕ ಬರೋ ಕೆಲಸ ಆದ್ರ ಧೈರ್ಯದಿಂದ ಮಾಡು ಅಂತ.

ಒಟ್ಟು ಖರ್ಚು 9 ಲಕ್ಷ 40 ಸಾವಿರ, ಹಾಳು ಮಾಡಿದ ಅರವತ್ತು ಸಾವಿರ ಸೇರಿ. ಅರ್ಧಾ ಕಾಕಾನ ಠೇವಣಿ, ಅರ್ಧಾ ನನ್ನ ಪರ್ಸನಲ್ ಲೋನ್.

ಅದನ್ನ ತೀರಿಸೋದು ಹೆಂಗ ಅನ್ನೋದಕ್ಕ ಉತ್ತರ ಧಾರವಾಡಾನ ಕೊಡತು. ನಮ್ಮೂರಾಗ ಉಳದ ಹಳೆ ಕಟ್ಟಡ ಎಲ್ಲಾ ಕೆಲಸಕ್ಕ ಬಂದದ್ದಕ್ಕ ಉಳದಾವ, ಕರ್ನಾಟಕ ಕಾಲೇಜ್ ನೋಡ್ರಿ, ಅದು ಮೊದಲ ಸದರ್ನ್ ಮರಾಠಾ ರೈಲ್ವೆ ಹೆಡ್ ಆಫೀಸ್ ಕಟ್ಟಡ, ಆಮ್ಯಾಲ ಕಾಲೇಜ್ ಬಂದು ಹೊಕ್ಕಿತು, ಇವತ್ತಿಗೂ ಹುಡುಗರು ಅಲ್ಲೇ ಪಾಠ ಕೇಳತಾರ. ಧಾರವಾಡಕ್ಕ ಈಗ ಬರೋದು ಯಾರು? ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಓದಾಕ ಬರೋ ಹುಡುಗ್ರು. ಅವರು ತಗಡಿನ ಶೆಡ್‌ನ್ಯಾಗ ಫ್ಯಾನ್ ಕೆಳಗ ಬೆವತಕೊಂತ ಓದತಾರ. ನಮ್ಮ ಪಡಸಾಲಿ ಏಪ್ರಿಲ್ ತಿಂಗಳಿನ್ಯಾಗೂ ತಂಪು. ಇಪ್ಪತ್ತೆರಡು ಟೇಬಲ್ ಹಾಕಿ ರೀಡಿಂಗ್ ರೂಮ್ ಮಾಡಿದ್ವಿ, ಕಾಕಾ ಒಳಗಿನ ಕೋಲ್ಯಾಗ. ಹಾವೇರಿ ಕಡೆ ಹುಡುಗೊಬ್ಬಾಂವ ಕಂಬಕ್ಕ ಒರಗಿ ಓದತಾನ, ಟೇಬಲ್ ಕೊಟ್ರೂ ಒಲ್ಲ ಅಂತಾನ. ಬರೋ ರೊಕ್ಕದಾಗ ಲೋನ್ ಕಂತು ಹೋಗಿ ವರ್ಷಕ್ಕೊಮ್ಮೆ ಸುಣ್ಣ ಹೊಡಸಾಕ ಉಳೀತೈತಿ. ಸರ್ಟಿಫಿಕೇಟ್ ಕೊಟ್ಟಮ್ಯಾಲ ನೋಟಿಸ್ ವಿಷಯ ಮತ್ತ ಬರಲಿಲ್ಲ.

ಕಡೀಕ ರಸ್ತಾದ ಮಾತು. ಕಾಕಾನ ಮದವಿ ಫೋಟೋ, 1971ರದು, ಅದರಾಗ ಮನಿ ಮುಂದ ಮೂರು ಮೆಟ್ಲಾ ಅದಾವ, ಬೀಗರು ಅದರ ಮ್ಯಾಲ ಸಾಲಾಗಿ ಕುಂತಾರ. ಈಗ ಮೆಟ್ಲ ಇಲ್ಲ, ಹೊಸ್ತಿಲಕ್ಕೂ ರಸ್ತಾಕ್ಕೂ ನಾಲ್ಕಿಂಚು. ಎಲ್ಲೆ ಹೋದ್ವು ಅಂತ ಗ್ವಾಡಿ ಬುಡಕ್ಕ ಅಗದು ನೋಡಿದ್ರ ಮೂರೂ ಅಲ್ಲೇ ಡಾಂಬರಿನ ಕೆಳಗ ಅದಾವ. ಹಳೇದನ್ನ ಕೆರೀದ ಮ್ಯಾಲ ಮ್ಯಾಲ ಹಾಕಿದ್ದು, ಏಳು ಪದರ ಎಣಿಸಿದೆ. ಮಳಿ ನೀರು ಗಟಾರಕ್ಕ ಹೋಗೋ ಬದಲು ಗ್ವಾಡಿ ಬುಡಕ್ಕ ನಿಲ್ಲೋದು ಅದಕ್ಕ. ಬುಡಗುಂಟ ಒಂದು ಫೂಟ್ ಅಗಲಾ ಅಗದು ಜಲ್ಲಿ ತುಂಬಿಸಿ ನೀರು ಗಟಾರಕ್ಕ ಹರಿಯೋ ಹಂಗ ಮಾಡೀನಿ, ಸದ್ಯಕ್ಕ ಅಷ್ಟ.

ಹೋದ ತಿಂಗಳು ಮತ್ತ ಡಾಂಬರ್ ಹಾಕಾಕ ಬಂದ್ರು. ನಾ ಓಡಿ ಹೋಗಿ, ಹಳೇದು ಕೆರದು ಹಾಕ್ರಿ ಅಂದೆ. ಸೂಪರ್‌ವೈಸರ್ ಹುಡುಗ ಪೇಪರ್ ತೋರಿಸಿ, "ಕೆರಿಯೋದು ಎಸ್ಟಿಮೇಟ್‌ನ್ಯಾಗ ಇಲ್ರಿ ಸರ್" ಅಂದ. ನಾನೂ ಇಪ್ಪತ್ತು ವರ್ಷ ಮಂದಿಗೆ ಇದ ಮಾತು ಹೇಳೀನಿ, ಏನು ಜಗಳಾ ಮಾಡ್ಲಿ. ರೋಲರ್ ಹೋದಮ್ಯಾಲ ಟೇಪ್ ಹಿಡದು ನೋಡಿದೆ, ನಾಲ್ಕಿಂಚಿದ್ದದ್ದು ಎರಡೂವರಿ ಆಗೇತಿ. ಕಾಕಾ ಬಾಗಲದಾಗ ನಿಂತು ನೋಡಾಕತ್ತಿದ್ರು. "ಸ್ಲೈಡ್ ಉಳದಾವೇನೋ ತಮ್ಮಾ? ಒಂದು ಈ ಕಡೆ ಗ್ವಾಡಿಗೂ ಹಚ್ಚು" ಅಂದ್ರು.